ಹಿದ್ದಿನ ಕತ್ತೆಗೆ ನಮ್ಮವರ ಸೀನು

ಮಕ್ಕಳನ್ನು ನಗಿಸಲು ಹೊರಟವರ ಪಾಡು ನೋಡಿ ದೊಡ್ಡವರು ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಬಹರೈನಿನ ಒಂದು ಕಾರ್ಟೂನ್ ಸ್ಟುಡಿಯೋದಲ್ಲಿ ಇದ್ದಷ್ಟು ಕಾಲ ಅದು ವಾರಕ್ಕೊಮ್ಮೆಯಾದರೂ ಆಗಿದೆ. ಈಚೆಗೆ ಒಬ್ಬಳು ಹುಡುಗಿ ಫೋನ್ ಮಾಡಿ, ಕೊಲ್ಲಿ ದೇಶಗಳಲ್ಲಿ ಮೊದಮೊದಲು ಟಿವಿಗೆ ಮಕ್ಕಳ ಕಾರ್ಟೂನ್ ಧಾರಾವಾಹಿ ಮಾಡಿದವರ ಇತಿಹಾಸ ಬರೆಯುತ್ತಿದ್ದೇನೆ, ಆಗ ನಿಮ್ಮಲ್ಲಿದ್ದ ತಂತ್ರಜ್ಞಾನದ ಬಗ್ಗೆ ಹೇಳಿ ಎಂದಳು. ಒಬ್ಬ ಮುದುಕಿ, ಒಂದು ಬಾಣಲೆ ಒಣಮೆಣಸು ಮತ್ತು ನನ್ನ ಗಂಡನ ಮೂಗು, ಇಷ್ಟೇ ನಮ್ಮ ತಂತ್ರಜ್ಞಾನ ಎಂದೆ. ಅವಳು ಮತ್ತೆ ಫೋನ್ ಮಾಡಲಿಲ್ಲ. ಇತಿಹಾಸ ಅರ್ಧಕ್ಕೆ ನಿಲ್ಲಬಾರದು ಎಂದು ನಾನೇ ಬರೆಯಲು ಕೂತೆ.

ಎರಡು ಸಾವಿರದ ಐದಾರನೇ ಇಸವಿಯ ಮಾತು. ಉಡುಪಿಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದ ನಾನು, ಬಹರೈನಿನ ಹಿದ್ದ್ ಎಂಬ ಕಡಲಂಚಿನ ಊರಿನ ಒಂದು ಸರಕು ಗೋದಾಮಿನಲ್ಲಿ ಕೆಲಸಕ್ಕಿದ್ದ ಗಂಡನ ಹಿಂದೆ ಮಗಳನ್ನು ಕಟ್ಟಿಕೊಂಡು ಹೋಗಿ ಗುಫೂಲ್ ಬಡಾವಣೆಯ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದ್ದೆ. ಅಲ್ಲಿಯದೇ ಇನ್ನೊಂದು ಬಡಾವಣೆ ಅದ್ಲಿಯಾದ ಹಳೇ ವಿಲ್ಲಾ ಒಂದರಲ್ಲಿ ಕಾರ್ಟೂನ್ ಮಾಡುತ್ತಾರಂತೆ, ಚಿತ್ರ ಬರೆಯುವವರು ಬೇಕಂತೆ ಎಂದು ಗೊತ್ತಾಗಿ ಹೋದೆ, ಕೆಲಸ ಸಿಕ್ಕಿತು. ಅದರ ಯಜಮಾನರು, ನಿರ್ದೇಶಕರು ಎರಡೂ ಒಬ್ಬರೇ, ಅಲ್ಲಿಯವರೇ, ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದರು. ಅವರ ಕಥೆಯ ನಾಯಕ ಒಂದು ಬಿಳೀ ಕತ್ತೆ. ಹಳೇ ಕಾಲದ ಹಿದ್ದಿನ ಓಣಿಗಳಲ್ಲಿ ಸಿಹಿನೀರು ಹೊತ್ತು ಮಾರಬೇಕಾದ್ದು ಅದರ ಕೆಲಸ. ಅದೊಂದನ್ನು ಬಿಟ್ಟು ಬೇರೆಲ್ಲ ಮಾಡುತ್ತಿತ್ತು.

ರಂಜಾನ್ ತಿಂಗಳಲ್ಲಿ ಪ್ರಸಾರ ಮಾಡುತ್ತೇವೆ, ಆದರೆ ಮೊದಲು ನೋಡಿ ಒಪ್ಪಬೇಕು ಎಂದು ಚಾನೆಲ್ಲಿನವರು ಹೇಳಿದ್ದರು. ಒಪ್ಪದಿದ್ದರೆ ಸ್ಟುಡಿಯೋಗೆ ಬೀಗ. ನಮ್ಮ ಮನೆಯ ಲೆಕ್ಕದಲ್ಲಿ ಇದರ ಅರ್ಥ ಬಹಳ ಸುಲಭ. ನನ್ನ ಸಂಬಳ ನಿಂತರೆ ನಾನೂ ಮಗಳೂ ಊರಿಗೆ, ಗಂಡ ಮತ್ತೆ ಬ್ಯಾಚುಲರ್ ರೂಮಿಗೆ. ಬೇರೆ ಬೇರೆ ಇದ್ದ ವರ್ಷಗಳನ್ನು ನಾವು ಮೊದಲೇ ಅನುಭವಿಸಿ ಮುಗಿಸಿದ್ದೆವು. ಇನ್ನೊಮ್ಮೆ ನನ್ನಿಂದ ಆಗುತ್ತಿರಲಿಲ್ಲ.

ಉಸ್ತಾದರದ್ದು ಒಂದೇ ನಿಯಮ: ಅಮ್ಮ ನಗಬೇಕು. ಅವರ ತಾಯಿ ಹಿದ್ದಿನಲ್ಲೇ ಹುಟ್ಟಿ ಬೆಳೆದವರು. ಹಜ್ ಯಾತ್ರೆ ಮಾಡಿ ಬಂದ ಹಿರಿಯರಾದ್ದರಿಂದ ನಾವೆಲ್ಲ ಹಜ್ಜಿಯಾ ಎನ್ನುತ್ತಿದ್ದೆವು. ಅವರ ತಂದೆ ಬೊಂಬಾಯಿಗೆ ಹೋಗಿಬರುತ್ತಿದ್ದ ವ್ಯಾಪಾರಿಯಂತೆ, ಹಾಗಾಗಿ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಪ್ರತಿ ಗುರುವಾರ ಸಂಜೆ ಬಂದು, ವಿಲ್ಲಾದಲ್ಲಿದ್ದ ಒಂದೇ ಒಂದು ಮೆತ್ತನೆಯ ಕುರ್ಚಿಯಲ್ಲಿ ಕೂತು, ಖರ್ಜೂರ ತಿನ್ನುತ್ತ ಆ ವಾರದ ಕೆಲಸ ನೋಡುತ್ತಿದ್ದರು. ಅವರು ನಕ್ಕರೆ ಪಾಸು, ಇಲ್ಲದಿದ್ದರೆ ಮೊದಲಿನಿಂದ. ಅವರಿಗಿಂತ ಮೊದಲು ಬೇರೆ ಯಾರೂ ನಗುವಂತಿರಲಿಲ್ಲ. ಹಿರಿಯರ ಎದುರು ಮೊದಲು ಊಟಕ್ಕೆ ಕೈ ಹಾಕಬಾರದಲ್ಲ, ಆ ಮನೆಯಲ್ಲಿ ನಗುವಿಗೂ ಅದೇ ಕ್ರಮ.

ಸೂರ್ಯ ಹುಟ್ಟುವ ದಿಕ್ಕು

ಮೊದಲ ಕಂತಿನ ಮೊದಲ ದೃಶ್ಯ: ಹಿದ್ದಿನ ಕಡಲತೀರ, ಬೆಳಗಿನ ಜಾವ. ಕೋಳಿ ಕೂಗುತ್ತದೆ, ಮೀನುಗಾರರು ದೋಣಿ ಇಳಿಸುತ್ತಾರೆ, ಕತ್ತೆ ಆಕಳಿಸುತ್ತದೆ. ಹಿನ್ನೆಲೆಯ ಚಿತ್ರ ಬರೆಯುವುದು ನನ್ನ ಪಾಲಿನ ಕೆಲಸ. ನಾನು ಮಲ್ಪೆಯ ಕಡಲು ನೋಡಿ ಬೆಳೆದವಳು. ನಮಗೆ ಕಡಲೆಂದರೆ ಸೂರ್ಯ ಮುಳುಗುವ ಜಾಗ. ಬೆಳಗ್ಗೆ ಅವನು ಬರುವುದು ನಮ್ಮ ಬೆನ್ನ ಹಿಂದಿನಿಂದ, ಮನೆಗಳ ಮಾಡಿನ ಮೇಲಿಂದ. ಒಂದು ಕ್ಷಣವೂ ಯೋಚಿಸದೆ ಮನೆಗಳ ಹಿಂದೆ ಕೆಂಪು ಸೂರ್ಯನನ್ನು ಕೂರಿಸಿ ಕಡಲಿಗೆ ಮಬ್ಬು ಬಳಿದೆ. ಉಸ್ತಾದರು ಬಹಳ ಮೆಚ್ಚಿದರು. ಅವರು ಹತ್ತು ಗಂಟೆಗೆ ಮೊದಲು ಎದ್ದವರಲ್ಲ, ಸೂರ್ಯೋದಯದ ವಿಷಯದಲ್ಲಿ ಅವರ ಮೆಚ್ಚುಗೆಗೆ ಬೆಲೆಯಿಲ್ಲ ಎಂದು ನನಗೆ ಹೊಳೆಯಬೇಕಿತ್ತು.

ಹಜ್ಜಿಯಾ ಕೈ ಎತ್ತಿ ಚಿತ್ರ ನಿಲ್ಲಿಸಿದರು. ಇದು ಯಾವ ಹೊತ್ತು ಎಂದು ಕೇಳಿದರು. ಬೆಳಗ್ಗೆ ಎಂದೆ. ಅವರು ಖರ್ಜೂರದ ಬೀಜವನ್ನು ನಿಧಾನವಾಗಿ ತಟ್ಟೆಗೆ ಹಾಕಿ, ತಾನು ಹುಟ್ಟಿದಂದಿನಿಂದ ಹಿದ್ದಿನಲ್ಲಿ ಸೂರ್ಯ ಕಡಲಿನಿಂದಲೇ ಏಳುತ್ತಾನೆ, ಸಂಜೆ ಮನೆಗಳ ಹಿಂದೆ ಇಳಿಯುತ್ತಾನೆ ಎಂದರು. ನಮ್ಮೂರಲ್ಲಿ ಅವನು ಕಡಲಿಗೆ ಮುಳುಗುವವನು ಎಂದು ತಡವರಿಸಿದೆ.

"ಪ್ರತಿದಿನವೂ?"

"ಹೌದು ಹಜ್ಜಿಯಾ, ಪ್ರತಿದಿನವೂ."

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. ಮತ್ತೆ ಬರೆಯಲು ಸಮಯವಿರಲಿಲ್ಲ. ತೀರದ ಚಿತ್ರಗಳೇ ಒಂದು ರಾಶಿ ಇದ್ದವು. ಕೊನೆಗೆ ಹಜ್ಜಿಯಾ ಅವರೇ ದಾರಿ ತೋರಿಸಿದರು. ಸೂರ್ಯ ಮನೆಗಳ ಹಿಂದೆ ಇದ್ದಾನಲ್ಲ, ಹಾಗಾದರೆ ಇದು ಸಂಜೆ, ಮೀನುಗಾರರು ರಾತ್ರಿಯ ಮೀನಿಗೆ ಹೊರಟಿದ್ದಾರೆ ಎಂದುಬಿಡಿ ಎಂದರು. ಪಾತ್ರಗಳು ಶುಭೋದಯ ಎನ್ನುತ್ತಿದ್ದ ಕಡೆಯಲ್ಲೆಲ್ಲ ಶುಭಸಂಜೆ ಹಾಕಿದೆವು. ನನ್ನ ಚಿತ್ರ ಒಂದು ಗೆರೆಯೂ ಬದಲಾಗದೆ ಸರಿಯಾಗಿಬಿಟ್ಟಿತು. ನಿಟ್ಟುಸಿರು ಬಿಟ್ಟು ಮುಂದಿನ ಗುರುವಾರ ತೋರಿಸಿದರೆ, ಕೋಳಿಯನ್ನು ತೆಗೆಯಲು ಎಲ್ಲರೂ ಮರೆತಿದ್ದೆವು. ಮುಸ್ಸಂಜೆಗೆ ಸರಿಯಾಗಿ ಅದು ಗಂಟಲು ಹರಿಯುವಂತೆ ಕೂಗಿತು.

ಹಜ್ಜಿಯಾ ಮೊದಲ ಸಲ ಬಾಯ್ತುಂಬ ನಕ್ಕರು. "ಇರಲಿ ಬಿಡಿ, ಕೋಳಿ ಟೀಚರ್ ಊರಿನದ್ದು" ಎಂದರು.

ಕಾಕನ ಮಳೆ

ಸ್ಟುಡಿಯೋದಲ್ಲಿ ಶಬ್ದದ ಕೆಲಸ ನೋಡುತ್ತಿದ್ದವರು ಉಳ್ಳಾಲದ ಕಡೆಯ ಬ್ಯಾರಿ ಒಬ್ಬರು. ನನಗಿಂತ ಹಿರಿಯರು, ನಾನು ಕಾಕ ಎನ್ನುತ್ತಿದ್ದೆ, ನನ್ನ ನೋಡಿ ಉಸ್ತಾದರೂ ಹಾಗೇ ಕರೆಯತೊಡಗಿದರು. ಕತ್ತೆ ಜೀವಮಾನದಲ್ಲಿ ಮೊದಲ ಸಲ ಮಳೆ ನೋಡುವ ಒಂದು ಕಂತಿತ್ತು. ಹಳೇ ಹಿದ್ದಿನಲ್ಲಿ ವರ್ಷಕ್ಕೆ ಒಂದೆರಡು ಸಲ ನಾಲ್ಕು ಹನಿ ಬೀಳುವುದು, ಮಕ್ಕಳೆಲ್ಲ ಹೊರಗೆ ಓಡುವುದು, ಇಷ್ಟೇ ಕಥೆ. ಕಾಕನ ಮುಖ ಅರಳಿತು. ರಜೆಯಲ್ಲಿ ಊರಿಗೆ ಹೋದಾಗ ಜುಲೈ ತಿಂಗಳ ಮಳೆಯನ್ನು ಮನೆಯ ಜಗಲಿಯಲ್ಲಿ ಕೂತು ರೆಕಾರ್ಡ್ ಮಾಡಿ ತಂದಿದ್ದರು. ಸೆಕೆಗೆ ನಿದ್ದೆ ಬಾರದ ದಿನ ಅದನ್ನು ಕಿವಿಗೆ ಹಾಕಿಕೊಂಡು ಮಲಗುತ್ತಿದ್ದರಂತೆ. "ಟೀಚರೇ, ಇಂಥ ಮಳೆ ಈ ದೇಶದಲ್ಲಿ ಯಾರೂ ಕೇಳ್ಲಿಕ್ಕಿಲ್ಲ ನೋಡಿ" ಎಂದರು. ಅದು ನಿಜವೇ ಆಗಿತ್ತು.

ಗುರುವಾರ ಕೋಣೆಯ ದೀಪ ಆರಿಸಿ ಶುರು ಮಾಡಿದರು. ಪರದೆಯ ಮೇಲೆ ನಾಲ್ಕು ಹನಿ ಬಿದ್ದವು. ಸ್ಪೀಕರಿನಲ್ಲಿ ಇಡೀ ಉಳ್ಳಾಲ ಮುಳುಗುವಂತೆ ಸುರಿಯಿತು. ತಗಡಿನ ಮಾಡಿನ ಮೇಲೆ ಬಡಿತ, ಗುಡುಗು, ಎಲ್ಲಿಯೋ ಒಂದು ಕೊಡಪಾನ ಉರುಳಿದ ಸದ್ದು. ಹಜ್ಜಿಯಾ ಮೊದಲು ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ಆಮೇಲೆ ಕಿಟಕಿ ಹಾಕಲು ಮಗನಿಗೆ ಹೇಳಿದರು. ಇದಕ್ಕೆ ಕತ್ತೆ ಸಾಲದು, ದೋಣಿ ಬೇಕು ಎಂದರು. ಅಷ್ಟರಲ್ಲಿ ಕಪ್ಪೆಗಳು ಶುರುವಾದವು. ಒಳಗೆ ಜಗಳ ಆಡುವವರು ಯಾರು ಎಂದು ಕೇಳಿದರು. ಕಪ್ಪೆ ಎಂದು ಕಾಕ ಸಣ್ಣ ಸ್ವರದಲ್ಲಿ ಹೇಳಿದರು. ಕಪ್ಪೆಗಳಿಗೆ ಇಷ್ಟು ಮಾತಾಡುವುದಕ್ಕೆ ಏನಿರುತ್ತದೆ ಎಂದು ಹಜ್ಜಿಯಾ ಕೇಳಿದರು. ಕಾಕ ಪಾಪ, ಟೇಪು ತೆಗೆದಿಟ್ಟು, ಒಂದು ಹಿಡಿ ಅಕ್ಕಿಯನ್ನು ಕಾಗದದ ಮೇಲೆ ಉದುರಿಸಿ ಹಿದ್ದಿನ ಮಳೆ ತಯಾರು ಮಾಡಿದರು.

ಅದೇ ವಾರ ಬಹರೈನಿನಲ್ಲಿ ನಿಜವಾದ ಮಳೆ ಹಿಡಿಯಿತು. ಅಲ್ಲಿ ನೀರು ಹರಿದುಹೋಗಲು ಚರಂಡಿ ಎಂಬುದು ಹೆಚ್ಚುಕಡಿಮೆ ಇಲ್ಲ. ಅದ್ಲಿಯಾದ ಓಣಿ ಹೊಳೆಯಾಯಿತು, ವಿಲ್ಲಾದ ಮೆಟ್ಟಿಲೇರಿ ನೀರು ಒಳಗೇ ಬಂತು. ನೆಲದ ಮೇಲಿದ್ದ ಕಂಪ್ಯೂಟರುಗಳಲ್ಲೇ ಅಷ್ಟೂ ಕಂತುಗಳು ಇದ್ದದ್ದು. ಚಿತ್ರಕ್ಕೆ ಚಲನೆ ಕೊಡುತ್ತಿದ್ದ ಫಿಲಿಪ್ಪೀನ್ಸಿನ ಹುಡುಗರು, ಕಾಕ, ಉಸ್ತಾದರು, ನಾನು ಎಲ್ಲ ಸೇರಿ ಒಂದೊಂದನ್ನೇ ಕೂಸಿನ ಹಾಗೆ ಎತ್ತಿಕೊಂಡು ಮಾಳಿಗೆಗೆ ಸಾಗಿಸಿದೆವು. ಒರೆಸಲು ಬಟ್ಟೆ ಸಾಲದೆ ನನ್ನ ದುಪಟ್ಟಾ ಹೋಯಿತು. ಮೇಲೆ ಹೋಗಿ ಒಂದೊಂದನ್ನೇ ಹಾಕಿ ನೋಡಿದರೆ, ದೇವರ ದಯ, ಎಲ್ಲವೂ ಉಸಿರಾಡುತ್ತಿದ್ದವು. ಮೆಟ್ಟಿಲ ಮೇಲೆ ಒದ್ದೆಮುದ್ದೆಯಾಗಿ ಕೂತಾಗ ನನಗೆ ಅಳುವೇ ಬಂದಿತ್ತು.

ಆಗ ಉಸ್ತಾದರ ಫೋನು ಹೊಡೆದುಕೊಂಡಿತು. ಹಜ್ಜಿಯಾ ಮಾಡಿದ್ದರು. ಮಗ ಕ್ಷೇಮವೇ ಎಂದು ಕೇಳಲಿಲ್ಲ. "ಕಾಕನಿಗೆ ಹೇಳು, ಆ ಟೇಪು ನಿಲ್ಲಿಸಲಿ" ಎಂದರು.

ಕತ್ತೆಗೊಂದು ಸ್ವರ

ಇಷ್ಟೆಲ್ಲ ಆದರೂ ಕತ್ತೆಗೆ ಸ್ವರ ಸಿಕ್ಕಿರಲಿಲ್ಲ. ಕಾಕ ಮೈಕು ಹಿಡಿದು ತೋಟ ತೋಟ ಸುತ್ತಿ ನಿಜವಾದ ಕತ್ತೆಗಳ ಅರಚಾಟ ತಂದರು. ಹಜ್ಜಿಯಾ ಒಂದನ್ನೂ ಒಪ್ಪಲಿಲ್ಲ. ಒಂದು ಕತ್ತೆ ಬಹಳ ದುಃಖದಲ್ಲಿದೆ ಎಂದರು, ಇನ್ನೊಂದಕ್ಕೆ ಅಹಂಕಾರ ಎಂದರು. ರಂಜಾನ್ ಹತ್ತಿರ ಬರುತ್ತಿತ್ತು, ನಾಯಕ ಇನ್ನೂ ಮೂಗನಾಗಿಯೇ ಇದ್ದ.

ಇಲ್ಲಿ ನನ್ನ ಗಂಡನ ಮೂಗಿನ ವಿಷಯ ಹೇಳಬೇಕು. ನಮ್ಮವರು ಮಿತಭಾಷಿ. ಆದರೆ ಸೀನು ಮಾತ್ರ ಅವರ ಸ್ವಭಾವಕ್ಕೆ ತದ್ವಿರುದ್ಧ. ಮೊದಲು ಉಸಿರೆಳೆಯುವ ಒಂದು ದೀರ್ಘ ರಾಗ, ನಡುವೆ ಸೀಳುವ ಸದ್ದು, ಕೊನೆಯಲ್ಲಿ ಇಳಿಯುತ್ತ ಇಳಿಯುತ್ತ ಮೂರು ನಾಲ್ಕು ಬಿಕ್ಕಳಿಕೆ. ಗುಫೂಲಿನಲ್ಲಿ ನಮ್ಮ ಮೇಲಿನ ಮಹಡಿಯವರು ಅದನ್ನು ಕೇಳಿಯೇ, ಓ, ಭಾಯಿಸಾಬ್ ಮನೆಗೆ ಬಂದರು ಎಂದುಕೊಳ್ಳುತ್ತಿದ್ದರು. ಗೋದಾಮಿನ ಧೂಳಿಗೆ ದಿನವಿಡೀ ಇದೇ ಕೆಲಸ. ಅಲ್ಲಿ ಗೇಟು ಕಾಯುವ ಒಬ್ಬ ಪಠಾಣ ಅಜ್ಜ ಇದ್ದ. ಯಾರಾದರೂ ಸೀನಿದರೆ ಮುಸಲ್ಮಾನರು ದೇವರು ಕರುಣಿಸಲಿ ಎನ್ನುವ ಅರ್ಥದಲ್ಲಿ ಯರ್ಹಮುಕಲ್ಲಾ ಎಂದು ಹರಸುವ ಕ್ರಮ ಉಂಟಲ್ಲ, ಆತ ಇವರ ಒಂದು ಸೀನನ್ನೂ ಬಿಡದೆ ಹರಸುತ್ತಿದ್ದ. ಇವರು ತಿರುಗಿಯೂ ನೋಡದೆ "ಶುಕ್ರನ್ ಚಾಚಾ" ಎಂದು ಧನ್ಯವಾದ ಹೇಳಿ ಕೆಲಸ ಮುಂದುವರಿಸುತ್ತಿದ್ದರು. ಅಭ್ಯಾಸ ಎಷ್ಟೆಂದರೆ, ಪರೀಕ್ಷಿಸಲೆಂದು ನಾನೊಮ್ಮೆ ಇವರು ನಿದ್ದೆಯಲ್ಲಿದ್ದಾಗ ಕಿವಿಯ ಹತ್ತಿರ ಯರ್ಹಮುಕಲ್ಲಾ ಎಂದೆ. ಶುಕ್ರನ್ ಚಾಚಾ ಎಂದು ಮಗ್ಗುಲು ಬದಲಿಸಿದರು.

ಒಂದು ಗುರುವಾರ ನನ್ನನ್ನು ಕರೆದುಕೊಂಡು ಹೋಗಲು ಬಂದವರು ಎಂದಿನಂತೆ ಕಾರಿಡಾರಿನ ಬೆಂಚಿನಲ್ಲಿ ಕೂತು, ಎಂದಿನಂತೆ ಸೀನಿದರು. ಒಳಗೆ ಹಜ್ಜಿಯಾ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಅದೇ" ಎಂದರು. "ನನ್ನ ಅಪ್ಪನ ಮನೆಯ ಕತ್ತೆ ಅದೇ."

ಹೊರಗೆ ಹೋಗಿ ಗಂಡನಿಗೆ ಈ ವಿಷಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಯಾಗಿ ಅಷ್ಟು ವರ್ಷಕ್ಕೆ ಅಂಥ ಸಂದರ್ಭ ಬಂದಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಸೀನ್ಲಿಕ್ಕೆ ಬೇರೆ ಪರ್ಮಿಟ್ ಬೇಕಾಗ್ತದಾ ಮಾರಾಯ್ತಿ?" ಎಂದು ಮಾತ್ರ ಕೇಳಿದರು.

ಒಂದು ಬಾಣಲೆ ಮೆಣಸು

ಬೇಡವೆಂದಾಗಲೆಲ್ಲ ಬರುವ ಸೀನು ಮೈಕಿನ ಎದುರು ಕೂರಿಸಿದ ಕೂಡಲೇ ಮಾಯವಾಯಿತು. ಹಕ್ಕಿಯ ಗರಿಯಿಂದ ಮೂಗು ಕೆರೆದದ್ದಾಯಿತು, ದೀಪ ದಿಟ್ಟಿಸಿದ್ದಾಯಿತು. ಹಳೇ ಕಡತದ ಧೂಳು ಕೊಡವಿದೆವು. ಅದಕ್ಕೆ ಉಸ್ತಾದರು ಸೀನಿದರು, ನಮ್ಮವರು ಸುಮ್ಮನೆ ಕೂತಿದ್ದರು. ನನಗೆ ಸಿಟ್ಟು ಬಂತು. ಮನೆಯಲ್ಲಿ ಪಲ್ಯದ ಒಗ್ಗರಣೆಗೇ ಹಾರಿಬೀಳುವ ಮನುಷ್ಯ ಇಲ್ಲಿ ಸನ್ಯಾಸಿಯ ಹಾಗೆ ಕೂತಿದ್ದಾರಲ್ಲ ಎನ್ನುವಾಗಲೇ ಉಪಾಯ ಹೊಳೆಯಿತು. ಕೋಳಿ ಸಾರಿನ ಪುಡಿಗೆಂದು ಊರಿನಿಂದ ತರಿಸಿದ್ದ ಒಣಮೆಣಸು ಮನೆಯಲ್ಲಿತ್ತು.

ಮರುದಿನ ವಿಲ್ಲಾದ ಅಡುಗೆಕೋಣೆಯಲ್ಲಿ ಬಾಣಲೆ ಇಟ್ಟು, ಎಣ್ಣೆ ಬಿಟ್ಟು, ಎರಡು ಹಿಡಿ ಮೆಣಸು ಹುರಿಯತೊಡಗಿದೆ. ಮಳೆ ಬಂದ ಮೇಲೆ ಕಿಟಕಿಗಳನ್ನೆಲ್ಲ ಗಟ್ಟಿಯಾಗಿ ಮುಚ್ಚಿಸಿದ್ದರು. ನಮ್ಮ ಕಡೆ ಮೆಣಸು ಹುರಿಯುವ ದಿನ ಅಕ್ಕಪಕ್ಕದವರಿಗೂ ಮುಂಚೆ ಹೇಳಿ ಇಡುತ್ತೇವೆ. ಇಲ್ಲಿ ಹೇಳಬೇಕೆಂದು ನನಗೆ ತೋಚಲಿಲ್ಲ. ಘಾಟು ಎದ್ದದ್ದೇ ಫಿಲಿಪ್ಪೀನ್ಸಿನ ಹುಡುಗರು ಬೆಂಕಿ ಬಿತ್ತೆಂದು ಕಂಪ್ಯೂಟರ್ ಹೊತ್ತುಕೊಂಡು ಬೀದಿಗೆ ಓಡಿದರು. ಮಳೆಯ ದಿನದ ಅಭ್ಯಾಸ ಚೆನ್ನಾಗಿ ಆಗಿತ್ತು. ಉಸ್ತಾದರು ಕಣ್ಣು ಕಾಣದೆ ಬಾಗಿಲೆಂದು ಬೀರು ತೆರೆದರು. ಕಾಕ ಮಾತ್ರ ಒದ್ದೆ ಟವೆಲು ಮುಖಕ್ಕೆ ಸುತ್ತಿಕೊಂಡು ಮೈಕಿನ ಹತ್ತಿರವೇ ನಿಂತರು. ಅವರೂ ನಮ್ಮ ಕಡೆಯವರಲ್ಲವೇ. ನಮ್ಮವರು ಶುರು ಮಾಡಿದರು ನೋಡಿ, ದುಃಖದ ಕತ್ತೆ, ಸಂತೋಷದ ಕತ್ತೆ, ಹಸಿದ ಕತ್ತೆ, ಎಲ್ಲ ಕಂತುಗಳಿಗೂ ಆಗಿ ಮಿಗುವಷ್ಟು ಬಂತು.

ಸೀನು ನಿಂತ ಮೇಲೆ ಬಾಗಿಲು ದಬದಬ ಬಡಿದ ಸದ್ದು ಕೇಳಿತು. ಅಗ್ನಿಶಾಮಕದವರೋ ಪೊಲೀಸರೋ ಎಂದುಕೊಂಡು ಬಾಣಲೆ ಮುಚ್ಚಿಟ್ಟು ಹೋದೆ. ತೆರೆದರೆ ಪಕ್ಕದ ರೆಸ್ಟೋರೆಂಟಿನ ಅಡುಗೆಯವನು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಅವರ ಗಿರಾಕಿಗಳೆಲ್ಲ ಎದ್ದು ಹೋದರಂತೆ. ಅದಕ್ಕೆ ಬೈಯಲು ಬಂದಿರಬೇಕು. ಆದರೆ ಒಮ್ಮೆ ಉಸಿರೆಳೆದು, "ಬೆಹೆನ್‌ಜೀ, ಇದು ಯಾವ ಮಸಾಲೆ?" ಎಂದು ಕೇಳಿದ.

ಆ ವಾರ ಮಗಳನ್ನು ಕರೆದುಕೊಂಡು ಹೋಗಿ ಕತ್ತೆಯನ್ನು ತೋರಿಸಿದೆ. ಅವಳಿಗೆ ಆಗ ಆರು ವರ್ಷ, ಶಾಲೆ ಸೇರಿದ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಕತ್ತೆ ಅರಚಿತು. ಅವಳು ಪರದೆಯನ್ನೂ ಕಾರಿಡಾರಿನಲ್ಲಿ ಕೂತಿದ್ದ ಅಪ್ಪನನ್ನೂ ನೋಡಿ, "ಅಮ್ಮಾ, ವೈ ಈಸ್ ಪಪ್ಪಾ ಇನ್‌ಸೈಡ್ ದ ಡಾಂಕಿ?" ಎಂದಳು.

ಹಲ್ಲು ಕಿತ್ತ ದಿನ

ಚಾನೆಲ್ಲಿನವರು ಬಂದು ನೋಡುವ ದಿನ ಬಂತು. ಒಬ್ಬ ಹಿರಿಯ ಅಧಿಕಾರಿ, ಅವರ ಜೊತೆ ಇಬ್ಬರು ಕಿರಿಯರು, ಮೂವರೂ ಇಸ್ತ್ರಿ ಮಾಡಿದ ಬಿಳೀ ನಿಲುವಂಗಿಯಲ್ಲಿ. ಹಿರಿಯರು ಬಹಳ ಗಂಭೀರ, ಮಕ್ಕಳ ಕಾರ್ಯಕ್ರಮಕ್ಕೆ ಇಂಥವರನ್ನೇ ಯಾಕೆ ಹುಡುಕಿ ಇಡುತ್ತಾರೋ ತಿಳಿಯದು. ಮಧ್ಯದ ಮೆತ್ತನೆಯ ಕುರ್ಚಿಯಲ್ಲಿ ಹಜ್ಜಿಯಾ. ಅವರು ನಗುತ್ತಾರೆ, ಅವರನ್ನು ನೋಡಿ ಉಳಿದವರು ನಗುತ್ತಾರೆ ಎಂಬುದು ಉಸ್ತಾದರ ಲೆಕ್ಕ.

ಆದರೆ ಆ ದಿನ ಬೆಳಗ್ಗೆ ಹಜ್ಜಿಯಾಗೆ ದವಡೆಹಲ್ಲು ಕೀಳಿಸಿದ್ದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದರು. ಸಂಜೆಯವರೆಗೆ ಬಾಯಿ ತೆರೆಯಬಾರದು, ಮಾತಾಡಬಾರದು, ಮುಖ್ಯವಾಗಿ ನಗಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಆದರೂ ಮಗನ ಕೆಲಸ ಎಂದು ಬಂದಿದ್ದರು. ಇದು ನಮಗೆ ಅವರ ಮನೆಯ ಡ್ರೈವರನಿಂದ ತಿಳಿಯುವಷ್ಟರಲ್ಲಿ ದೀಪ ಆರಿಸಿ ಆಗಿತ್ತು. ಅಧಿಕಾರಿಗಳಿಗೆ ಹೇಳಲು ದಾರಿಯಿರಲಿಲ್ಲ.

ಕತ್ತೆ ಬಾವಿಕಟ್ಟೆಯಿಂದ ಜಾರಿತು. ಮೂವರೂ ಹಜ್ಜಿಯಾ ಮುಖ ನೋಡಿದರು. ಅದು ಕಲ್ಲಿನಂತಿತ್ತು. ಮೂವರೂ ತುಟಿ ಬಿಗಿದು ಮತ್ತೆ ಪರದೆಗೆ ತಿರುಗಿದರು. ಕತ್ತೆ ಊರಿನ ಶೇಖ್ ಸಾಹೇಬರ ಚಾಪೆ ತಿಂದಿತು. ಮತ್ತೆ ಹಜ್ಜಿಯಾ ಮುಖ, ಮತ್ತೆ ಕಲ್ಲು. ಮುಸ್ಸಂಜೆಗೆ ಕೋಳಿ ಕೂಗಿದಾಗಲೂ ಯಾರೂ ನಗಲಿಲ್ಲ. ಕಿರಿಯ ಅಧಿಕಾರಿಯೊಬ್ಬನ ಭುಜ ಅಲುಗುತ್ತಿತ್ತು, ಆದರೆ ಹಿರಿಯರ ಎದುರು ನಗುವ ಧೈರ್ಯ ಅವನಿಗಿರಲಿಲ್ಲ. ಉಸ್ತಾದರು ಹಣೆ ಒರೆಸುತ್ತಿದ್ದರು. ಕಾಕ ಬಾಯೊಳಗೇ ಏನೋ ಪ್ರಾರ್ಥಿಸುತ್ತಿದ್ದರು. ನಾನು ಕತ್ತಲಲ್ಲಿ ನಿಂತು, ಕುಕ್ಕರನ್ನು ಗಂಡನಿಗೆ ಬಿಟ್ಟುಹೋಗುವುದೋ, ಮಗಳ ಸೈಕಲ್ ವಿಮಾನದಲ್ಲಿ ಒಯ್ಯಲು ಬಿಡುತ್ತಾರೋ ಎಂದು ಲೆಕ್ಕ ಹಾಕತೊಡಗಿದ್ದೆ. ಅಷ್ಟು ಸಂಕಟ ನನಗೆ ಊರು ಬಿಡುವಾಗಲೂ ಆಗಿರಲಿಲ್ಲ.

ಗಂಡ ಎಂದಿನಂತೆ ಬಂದು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು. ದಣಿದಿದ್ದರು, ಕೂತಲ್ಲೇ ತೂಕಡಿಸುತ್ತಿದ್ದರು. ಬಾಗಿಲು ಅರ್ಧ ತೆರೆದಿತ್ತು.

ಕೊನೆಯ ದೃಶ್ಯ ಬಂತು. ಕತ್ತೆ ಮಸಾಲೆ ಅಂಗಡಿಯ ಚೀಲಕ್ಕೆ ಮೂತಿ ತೂರಿಸಿ, ಹಿಂದೆ ಸರಿದು, ಮೂಗರಳಿಸಿ ಅರಚಿತು. ಮೆಣಸಿನ ಹೊಗೆಯ ಅತ್ಯುತ್ತಮ ಸೀನನ್ನು ಕಾಕ ಅಲ್ಲಿಗೆಂದೇ ಎತ್ತಿಟ್ಟಿದ್ದರು. ಹಿರಿಯ ಅಧಿಕಾರಿ ದೊಡ್ಡ ದೈವಭಕ್ತರು, ಜೀವಮಾನವಿಡೀ ಬಂದ ರೂಢಿ. ಪರದೆಯ ಮೇಲಿನ ಕತ್ತೆಯನ್ನು ನೋಡುತ್ತ ಗಂಭೀರವಾಗಿ ಹೇಳಿದರು:

"ಯರ್ಹಮುಕಲ್ಲಾ."

ಕಾರಿಡಾರಿನಿಂದ ನಿದ್ದೆಗಣ್ಣಿನ ಒಂದು ಸ್ವರ ಬಂತು:

"ಶುಕ್ರನ್ ಚಾಚಾ."

ಅಧಿಕಾರಿ ಕತ್ತೆಯನ್ನು ನೋಡಿದರು. ಬಾಗಿಲ ಕಡೆ ನೋಡಿದರು. ಮತ್ತೆ ಕತ್ತೆಯನ್ನು ನೋಡಿದರು. ಆಗ ಹಜ್ಜಿಯಾ ಕಡೆಯಿಂದ ಪ್ರೆಶರ್ ಕುಕ್ಕರ್ ಕೂಗುವಂಥ ಸದ್ದು ಹೊರಟು, ಬಾಯಿಯ ಹತ್ತಿ ಹಾರಿ ಬಂದು ಅಧಿಕಾರಿಯ ಬಿಳೀ ನಿಲುವಂಗಿಯ ಮೇಲೆ ಕೂತಿತು. ಮತ್ತೆ ಯಾರಿಗೆ ಯಾರು ಹೇಳುವುದು. ಕಿರಿಯರಿಬ್ಬರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗಂಭೀರ ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ಹಾಕಿಕೊಂಡರು, ಕತ್ತೆಯನ್ನು ನೋಡಿ ಮತ್ತೆ ತೆಗೆದರು. ಹಜ್ಜಿಯಾ ದವಡೆ ಹಿಡಿದುಕೊಂಡು, ಬಾವಿಕಟ್ಟೆಯಿಂದ ಇಲ್ಲಿಯವರೆಗೆ ತಡೆದುಕೊಂಡಿದ್ದೆ, ಹಲ್ಲು ಕೀಳಿಸಿದ್ದಕ್ಕಿಂತ ಅದೇ ಹೆಚ್ಚು ನೋಯಿತು ಎಂದರು.

ಅಧಿಕಾರಿ ಒಪ್ಪಿದರು. ಒಂದೇ ಒಂದು ಷರತ್ತು, ಕತ್ತೆ ಅರಚಿದ ಮೇಲೆ ಪ್ರತಿಸಲ ಧನ್ಯವಾದ ಹೇಳಬೇಕು, ಈಗ ಹೇಳಿದ ಹಾಗೆಯೇ ಹೇಳಬೇಕು ಎಂದರು. ನಾನು ಗೋಡೆಗೆ ಒರಗಿದೆ. ಕುಕ್ಕರು ಗುಫೂಲಿನಲ್ಲೇ ಉಳಿಯಿತು, ಸೈಕಲ್ಲೂ ಉಳಿಯಿತು.

ನಮ್ಮವರನ್ನು ಒಳಗೆ ಕರೆಸಿದರು. ಏನಾಯಿತೆಂದು ಅವರಿಗೆ ತಿಳಿದಿರಲಿಲ್ಲ, ನಿದ್ದೆ ಮಾಡಿದ್ದಕ್ಕೆ ಬೈಯುತ್ತಾರೆ ಎಂದುಕೊಂಡು "ಸಾರಿ ಸರ್" ಎನ್ನುತ್ತಲೇ ಬಂದರು. ಅಧಿಕಾರಿ ಎದ್ದು ನಿಂತು ಕೈ ಕುಲುಕಿ, ಮುಂದಿನ ವರ್ಷದ ರಂಜಾನಿಗೂ ಕತ್ತೆ ಬೇಕಾಗುತ್ತದೆ, ನಿಮ್ಮಿಂದ ಆದೀತೇ ಎಂದು ಹಿಂದಿಯಲ್ಲಿ ಕೇಳಿದರು. ನಮ್ಮವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಕಿಟಕಿಯಾಚೆಯ ಬಹರೈನನ್ನು ನೋಡಿದರು.

"ಧೂಳಿದ್ದರೆ ಸಾಕು ಸರ್" ಎಂದರು.